ಶೂನ್ಯ ನೆರಳಿನ ದಿನ ಆಗಸ್ಟ್ 18 ಅಲ್ಲ, 8: ನಿಮ್ಮ ಕಾರ್ಯಕ್ರಮ ಪಟ್ಟಿಯ ಮೇಲೊಂದು ದೂರು

ಬಾಗಲಕೋಟೆ
20 ಜುಲೈ 2026

ಗೆ,
ವ್ಯವಸ್ಥಾಪಕರು,
ಕಲೆ, ವಿಜ್ಞಾನ ಮತ್ತು ತಂತ್ರಜ್ಞಾನ ಸಮುದಾಯ ಕೇಂದ್ರ,
ಬಾಗಲಕೋಟೆ ಶಾಖೆ

ವಿಷಯ: ಏಪ್ರಿಲ್ 24ರ ಕಾರ್ಯಕ್ರಮದ ಶುಲ್ಕ ವಾಪಸ್ ಕೊಡುವುದು ಮತ್ತು ಆಗಸ್ಟ್ ತಿಂಗಳ ಪಟ್ಟಿ ತಿದ್ದುವ ಬಗ್ಗೆ

ಮಾನ್ಯರೇ,

ನಿಮ್ಮ ಆಗಸ್ಟ್ ತಿಂಗಳ ಕಾರ್ಯಕ್ರಮ ಪಟ್ಟಿ ಮೊನ್ನೆ ವಾಟ್ಸಾಪ್‌ನಲ್ಲಿ ಬಂತು. ಅದರಲ್ಲಿ ಹೀಗೊಂದು ಸಾಲಿದೆ: ‘ಆಗಸ್ಟ್ 18, ಮಂಗಳವಾರ, ಮಧ್ಯಾಹ್ನ 12 ಗಂಟೆ. ಶೂನ್ಯ ನೆರಳಿನ ದಿನ. ಒಂದು ಮಗುವಿಗೆ 150 ರೂಪಾಯಿ.’ ಏಪ್ರಿಲ್‌ನಲ್ಲಿ ಆದ ಎಡವಟ್ಟೇ ಮತ್ತೆ ಆಗಲಿದೆ ಅಂತ ಓದಿದ ಕೂಡಲೇ ಗೊತ್ತಾಯಿತು. ಆಗ ಬಾಯಿಮಾತಿನಲ್ಲಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ.

ಶೂನ್ಯ ನೆರಳಿನ ದಿನ ಎಂದರೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕೋಲಿನ ನೆರಳು ಇಲ್ಲವಾಗುವ ದಿನ. ಆಗಸ್ಟ್ 18 ಬೆಂಗಳೂರಿನ ದಿನ. ಏಪ್ರಿಲ್ 24 ಕೂಡ ಬೆಂಗಳೂರಿನದೇ. ಬಾಗಲಕೋಟೆಯಲ್ಲಿ ಆ ಎರಡೂ ದಿನ ನೆರಳು ಮಾಯವಾಗುವುದಿಲ್ಲ.

ಏಪ್ರಿಲ್ 24ರಂದು ನಿಮ್ಮ ಮಾಳಿಗೆಯ ಮೇಲೆ ಏನಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ನೀವು ಹಾಕಿದ ಫೋಟೊದಲ್ಲಿ ಅದು ಕಾಣುವುದಿಲ್ಲ. ಬೇಸಿಗೆ ರಜೆ, ನೆತ್ತಿ ಸುಡುವ ಬಿಸಿಲು. ನೆಲದ ಮೇಲೆ ಬಿಳಿ ಹಾಳೆ ಅಂಟಿಸಿ, ನಡುವೆ ಒಂದು ಮೀಟರ್ ಉದ್ದದ ಪಿವಿಸಿ ಪೈಪ್ ನಿಲ್ಲಿಸಿದ್ದರು. ಮಕ್ಕಳು ಸುತ್ತ ಕೂತಿದ್ದರು. 12.17ಕ್ಕೆ ನೆರಳು ಹೋಗುತ್ತದೆ ಅಂತ ಹೇಳಿ ನಿಮ್ಮ ನಿರೂಪಕರು ಎಣಿಕೆ ಶುರು ಮಾಡಿಸಿದರು. ಹತ್ತು, ಒಂಬತ್ತು, ಎಂಟು... ಸೊನ್ನೆಗೆ ಬಂದರೂ ನೆರಳು ಹೋಗಲಿಲ್ಲ. ಪೈಪಿನ ಬುಡದಿಂದ ಉತ್ತರದ ಕಡೆಗೆ ಕಿರುಬೆರಳಿನಷ್ಟು ಉದ್ದ ಹಾಗೇ ಬಿದ್ದುಕೊಂಡಿತ್ತು. ನನ್ನ ಮಗಳು ಸ್ಕೇಲ್ ಇಟ್ಟು ಅಳೆದಳು. ಆರು ಸೆಂಟಿಮೀಟರ್ ಮೇಲೆ ಚಿಲ್ಲರೆ.

ನಿರೂಪಕರು ಒಂದು ಕ್ಷಣ ಪೈಪ್ ನೋಡಿದರು, ಫೋನ್ ನೋಡಿದರು. ಆಮೇಲೆ ಪೈಪಿನ ತುದಿ ಹಿಡಿದು ಮೆಲ್ಲಗೆ ದಕ್ಷಿಣಕ್ಕೆ ವಾಲಿಸಿದರು. ನೆರಳು ಸಣ್ಣದಾಗುತ್ತಾ ಹೋಗಿ ಇಲ್ಲವಾಯಿತು. ‘ನೋಡಿ, ಹೋಯ್ತಲ್ಲ!’ ಅಂದರು. ಚಪ್ಪಾಳೆ ಬಿತ್ತು, ಫೋಟೊ ತೆಗೆದಾಯಿತು. ಹಿಂದೆ ಕೂತಿದ್ದ ಒಬ್ಬ ಹುಡುಗ, ‘ಸರ್, ಹಿಂಗ ವಾಲಿಸಿದ್ರ ಯಾವತ್ತು ಬೇಕಾದ್ರೂ ಹೋಗತೈತಲ್ರೀ?’ ಅಂತ ಕೇಳಿದ. ‘ಪ್ರಶ್ನೆಗಳು ಕೊನೆಗೆ’ ಅಂತ ಉತ್ತರ ಬಂತು. ಕೊನೆಗೆ ಬಂದದ್ದು ಪ್ರಶ್ನೆ ಅಲ್ಲ, ಪ್ರಮಾಣಪತ್ರ. ‘ಶೂನ್ಯ ನೆರಳನ್ನು ಕಣ್ಣಾರೆ ಕಂಡಿದ್ದಾರೆ’ ಅಂತ ಅದರಲ್ಲಿ ಅಚ್ಚಾಗಿದೆ. ಕಂಡಿಲ್ಲ, ಸ್ವಾಮಿ.

ಆ ಹುಡುಗ ಹೇಳಿದ್ದೇ ಸರಿ. ಕೋಲನ್ನು ಸೂರ್ಯನತ್ತ ಗುರಿಯಿಟ್ಟು ಹಿಡಿದರೆ ಡಿಸೆಂಬರ್‌ನಲ್ಲೂ ನೆರಳು ಹೋಗುತ್ತದೆ. ನೆಟ್ಟಗೆ ನಿಂತ ಕೋಲಿನ ನೆರಳು ಹೋಗಬೇಕು, ವಿಶೇಷ ಇರುವುದೇ ಅದರಲ್ಲಿ. ವಿಜ್ಞಾನ ಕೇಂದ್ರದಲ್ಲಿ ಪ್ರಯೋಗ ಸೋತರೆ ನನಗೇನೂ ಬೇಸರ ಇರಲಿಲ್ಲ. ‘ಯಾಕೆ ಹೋಗಲಿಲ್ಲ, ಬನ್ನಿ ನೋಡೋಣ’ ಅಂದಿದ್ದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇರುತ್ತಿರಲಿಲ್ಲ. ಅದು ಬಿಟ್ಟು ಮಕ್ಕಳ ಕಣ್ಣೆದುರೇ ಉತ್ತರವನ್ನು ವಾಲಿಸಿದಿರಲ್ಲ, ನನ್ನ ಸಿಟ್ಟು ಅದರ ಮೇಲೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ಬಹಳ ಸುಲಭ. ಡಿಸೆಂಬರ್ ಕೊನೆಯಿಂದ ಸೂರ್ಯ ಉತ್ತರಕ್ಕೆ ಸರಿಯುತ್ತಾ ಬರುತ್ತಾನೆ. ಜೂನ್ 21ರ ಸುಮಾರಿಗೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ, ಅಂದರೆ ಇಪ್ಪತ್ತಮೂರುವರೆ ಡಿಗ್ರಿ ಅಕ್ಷಾಂಶದ ಮೇಲೆ ಬಂದು, ಮತ್ತೆ ದಕ್ಷಿಣಕ್ಕೆ ತಿರುಗುತ್ತಾನೆ. ದಾರಿಯಲ್ಲಿ ಯಾವ ಊರಿನ ಅಕ್ಷಾಂಶ ಸಿಗುತ್ತದೋ ಆ ದಿನ ಆ ಊರಿನ ನೆತ್ತಿಯ ಮೇಲೆ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿಯಲ್ಲಿ. ಬಾಗಲಕೋಟೆ 16.18ರಲ್ಲಿ. ಒಂದು ಡಿಗ್ರಿ ಎಂದರೆ ನೆಲದ ಮೇಲೆ 111 ಕಿಲೋಮೀಟರ್. ಏಪ್ರಿಲ್ ಕೊನೆಯಲ್ಲಿ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟೂ ಸರಿಯುವುದಿಲ್ಲ. ಹಾಗಾಗಿ ಬೆಂಗಳೂರು ದಾಟಿ ನಮ್ಮೂರಿಗೆ ಬರಲು ಹತ್ತು ಹನ್ನೊಂದು ದಿನ ಬೇಕು. ಮೇ 5 ನಮ್ಮದು. ಬೆಳಗಾವಿಗೆ ಮೇ 4, ವಿಜಯಪುರಕ್ಕೆ ಮೇ 7. ಇಷ್ಟು ಹತ್ತಿರದ ಊರುಗಳಲ್ಲೇ ದಿನ ಬೇರೆ ಇರುವಾಗ, ಇಡೀ ರಾಜ್ಯಕ್ಕೆ ಒಂದೇ ದಿನ ಹೇಗೆ ಆದೀತು?

ಮೇ 5ರಂದು ನಮ್ಮ ಅಂಗಳದಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ ನೋಡಿದೆವು. 12.24ಕ್ಕೆ ಅದರ ಸುತ್ತ ಎಲ್ಲೂ ನೆರಳಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಕೂಡ ಬಂದು ಬಗ್ಗಿ ನೋಡಿದರು. ಶುಲ್ಕ ಇರಲಿಲ್ಲ.

ಈಗ ಆಗಸ್ಟ್ ವಿಷಯ. ಹೋಗುವಾಗ ಸೂರ್ಯನಿಗೆ ಬೆಂಗಳೂರು ಮೊದಲು ಸಿಗುತ್ತದೆ, ಬರುವಾಗ ನಾವು ಮೊದಲು. ನಮ್ಮ ದಿನ ಆಗಸ್ಟ್ 8, ಸಮಯ ಹನ್ನೆರಡೂವರೆ ದಾಟಿ, ಸುಮಾರು 12.33. ಅವತ್ತು ಎರಡನೇ ಶನಿವಾರ ಬೇರೆ. ಆಫೀಸಿಗೆ ಹೋಗುವ ಅಪ್ಪ ಅಮ್ಮ ಕೂಡ ಬರಬಹುದು. ನೀವು ಇಟ್ಟಿರುವ 18 ಮಂಗಳವಾರ, ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ. ಶಾಲೆ ತಪ್ಪಿಸಿ ಬಂದರೂ ಅವರಿಗೆ ಕಾಣುವುದು ಮತ್ತೆ ಅದೇ ಐದಾರು ಸೆಂಟಿಮೀಟರ್, ಈ ಸಲವೂ ಉತ್ತರಕ್ಕೇ. ಮೋಡ ಇರಬಹುದು, ಮಳೆಗಾಲ ಅಲ್ವಾ, ಅದಕ್ಕೆ ಯಾರೂ ನಿಮ್ಮನ್ನು ಬೈಯುವುದಿಲ್ಲ. ಗ್ಲೋಬ್ ಮತ್ತು ಟಾರ್ಚ್ ಇಟ್ಟುಕೊಂಡು ಒಳಗೇ ತೋರಿಸಿ. ಬಿಸಿಲಿದ್ದರೆ ಮಾತ್ರ ದಯವಿಟ್ಟು ಪೈಪ್ ಪಕ್ಕದಲ್ಲಿ ಗೌಂಡಿಗಳು ಬಳಸುವ ತೂಕದ ಗುಂಡು ಇಳಿಬಿಡಿ. ಪೈಪ್ ನೆಟ್ಟಗಿದೆಯೋ ಇಲ್ಲವೋ ಮಕ್ಕಳೇ ನೋಡಿ ಹೇಳಲಿ.

ಪಟ್ಟಿಯಲ್ಲಿ ಇನ್ನೂ ಕೆಲವು ಇವೆ. ಆಗಸ್ಟ್ 12ಕ್ಕೆ ‘ಪರ್ಸೀಡ್ ಉಲ್ಕಾಪಾತ ವೀಕ್ಷಣೆ, ಸಂಜೆ 7ರಿಂದ 9’ ಅಂತ ಹಾಕಿದ್ದೀರಿ. ದಿನ ಸರಿಯಾಗಿದೆ. ಅವತ್ತು ಅಮಾವಾಸ್ಯೆ, ಚಂದ್ರನ ಕಾಟ ಇಲ್ಲ, ಇಂಥ ಅವಕಾಶ ಎಲ್ಲ ವರ್ಷ ಸಿಗುವುದಿಲ್ಲ. ಆದರೆ ಆ ಉಲ್ಕೆಗಳು ಹೊರಟು ಬಂದಂತೆ ಕಾಣುವ ಪರ್ಸಿಯಸ್ ನಕ್ಷತ್ರಪುಂಜದ ಭಾಗ ನಮ್ಮಲ್ಲಿ ಈಶಾನ್ಯದಲ್ಲಿ ಮೇಲೇಳುವುದೇ ರಾತ್ರಿ ಹತ್ತು ದಾಟಿದ ಮೇಲೆ. ಚೆನ್ನಾಗಿ ಕಾಣಬೇಕಾದರೆ ಮಧ್ಯರಾತ್ರಿ ಕಳೆಯಬೇಕು. ಏಳರಿಂದ ಒಂಬತ್ತರವರೆಗೆ ಮಕ್ಕಳು ಕತ್ತೆತ್ತಿ ಸುಮ್ನೆ ನಿಂತುಕೊಳ್ಳಬೇಕಾಗುತ್ತದೆ. ಇನ್ನೊಂದು ಮಾತು, ಉಲ್ಕೆ ನೋಡಲು ಟೆಲಿಸ್ಕೋಪ್ ಬೇಡ. ‘ಟೆಲಿಸ್ಕೋಪ್ ಶುಲ್ಕ’ ಅಂತ 100 ರೂಪಾಯಿ ಯಾಕೆ ಸೇರಿಸಿದ್ದೀರಿ ಅರ್ಥವಾಗಲಿಲ್ಲ. ಟೆಲಿಸ್ಕೋಪಿಗೆ ಕಾಣುವುದು ಆಕಾಶದ ಒಂದು ಚೂರು, ಉಲ್ಕೆ ಎಲ್ಲಿ ಬೇಕಾದರೂ ಬೀಳುತ್ತದೆ. ಚಾಪೆ ಹಾಸಿ ಮಲಗಿ ನೋಡುವುದೇ ಒಳ್ಳೆಯದು. ಊರ ದೀಪಗಳಿಂದ ಸ್ವಲ್ಪ ದೂರ ಹೋದರೆ ಇನ್ನೂ ಒಳ್ಳೆಯದು.

ಅದೇ ರಾತ್ರಿ ಇನ್ನೊಂದು ದೊಡ್ಡ ಸಂಗತಿ ಇದೆ, ನಿಮ್ಮ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಕಡೆ ಸಂಪೂರ್ಣ ಸೂರ್ಯಗ್ರಹಣ. ನಮಗೆ ಅದು ಕಾಣದು, ಆಗ ನಮ್ಮಲ್ಲಿ ರಾತ್ರಿ. ಗ್ರಹಣದ ಮುಖ್ಯ ಹೊತ್ತು ನಮ್ಮ ಗಡಿಯಾರದಲ್ಲಿ ಹನ್ನೊಂದರಿಂದ ಹನ್ನೆರಡರ ಸುಮಾರಿಗೆ ಬರುತ್ತದೆ. ನಿಮ್ಮ ಹತ್ತಿರ ದೊಡ್ಡ ಪರದೆ ಇದೆ, ಇಂಟರ್ನೆಟ್ ಇದೆ. ಹತ್ತೂವರೆಗೆ ಬಾಗಿಲು ತೆರೆದು ಗ್ರಹಣದ ನೇರಪ್ರಸಾರ ತೋರಿಸಿ. ಅದು ಮುಗಿದ ಮೇಲೆ ಎಲ್ಲರನ್ನೂ ಮಾಳಿಗೆಗೆ ಕಳಿಸಿದರೆ ಉಲ್ಕೆಗಳು ಸಿಗುತ್ತವೆ. ಹೀಗೆ ಮಾಡಿದರೆ ನಾನೇ ಇಪ್ಪತ್ತು ಮಕ್ಕಳನ್ನು ಕರೆತರುತ್ತೇನೆ, ಶುಲ್ಕ ಕೊಟ್ಟೇ.

ಆಗಸ್ಟ್ 17ಕ್ಕೆ ‘ಹೆಣ್ಣುಮಕ್ಕಳಿಗಾಗಿ ಕೋಡಿಂಗ್, ಬೆಳಿಗ್ಗೆ 10ರಿಂದ ಸಂಜೆ 4’ ಅಂತ ಇದೆ. ಅವತ್ತು ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ ಅಂತ ಪಟ್ಟಿ ಮಾಡಿದವರಿಗೆ ಯಾರೂ ಹೇಳಲಿಲ್ಲವೇ? ಗಿಡಗಿಡಕ್ಕೆ ಜೋಕಾಲಿ ಕಟ್ಟಿರುತ್ತಾರೆ, ಮನೆಮನೆಯಲ್ಲಿ ಉಂಡಿ, ಮದುವೆಯಾದವರು ತವರಿಗೆ ಬಂದಿರುತ್ತಾರೆ. ಆ ದಿನ ಕಂಪ್ಯೂಟರ್ ಮುಂದೆ ಆರು ಗಂಟೆ ಕೂರಲು ಒಬ್ಬಳಾದರೂ ಬಂದರೆ ಹೇಳಿ. ಆಮೇಲೆ ‘ಹುಡುಗಿಯರಿಗೆ ಆಸಕ್ತಿ ಇಲ್ಲ’ ಅಂತ ವರದಿ ಹೋಗುತ್ತದೆ, ನನಗೆ ಅದೇ ಜಾಸ್ತಿ ಭಯ.

ಇನ್ನು ಆಗಸ್ಟ್ 7, ರಾಷ್ಟ್ರೀಯ ಕೈಮಗ್ಗ ದಿನ. ನಿಮ್ಮ ಕಾರ್ಯಕ್ರಮ ‘ರಟ್ಟಿನ ಮಗ್ಗ ಮಾಡುವ ಕಿಟ್, 350 ರೂಪಾಯಿ’. ಕಿಟ್ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರುತ್ತದಂತೆ! ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಇರುವ ಜಿಲ್ಲೆಗೆ ರಟ್ಟಿನ ಮಗ್ಗ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಸೀರೆಯ ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ಭೂತಕನ್ನಡಿಯಲ್ಲಿ ತೋರಿಸಿ, ಆ ಕೊಂಡಿ ಹೇಗೆ ಬಿದ್ದಿದೆ ಅಂತ ಮಕ್ಕಳೇ ದಾರದಲ್ಲಿ ಮಾಡಿ ನೋಡಲಿ. ಟೋಪಿ ತೆನೆ ಎಂಬ ಇಳಕಲ್ ವಿನ್ಯಾಸದ ಸೆರಗನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸಲಿ. ನಿಮ್ಮ ಕೇಂದ್ರದ ಹೆಸರಿನಲ್ಲಿ ಕಲೆ, ವಿಜ್ಞಾನ, ತಂತ್ರಜ್ಞಾನ ಮೂರೂ ಇವೆಯಲ್ಲ, ಈ ಒಂದು ಸೆರಗಿನಲ್ಲಿ ಮೂರೂ ಸಿಗುತ್ತವೆ. ಒಬ್ಬ ನೇಕಾರರನ್ನು ಸರಿಯಾದ ಗೌರವಧನ ಕೊಟ್ಟು ಕರೆಸಿದರೆ ಮುಗಿಯಿತು. ಕಿಟ್‌ಗಳ ಕೊರಿಯರ್ ಖರ್ಚೂ ಉಳಿಯುತ್ತದೆ.

ಏಪ್ರಿಲ್‌ನಲ್ಲಿ ಕೌಂಟರ್‌ನಲ್ಲಿ ವಿಚಾರಿಸಿದಾಗ ಸಿಕ್ಕ ಉತ್ತರ: ‘ಮೇಡಂ, ಪಟ್ಟಿ ಹೆಡ್ ಆಫೀಸಿನಿಂದ ಬರ್ತದ. ಎಲ್ಲಾ ಶಾಖೆಗೂ ಅದೇ.’ ಆ ಹುಡುಗಿಯ ತಪ್ಪಿಲ್ಲ. ತಪ್ಪು ಇರುವುದು ಒಂದು ಊರಿನಲ್ಲಿ ಕೂತು ಎಲ್ಲ ಊರಿನ ಆಕಾಶವನ್ನೂ ಹಬ್ಬವನ್ನೂ ಒಂದೇ ಹಾಳೆಯಲ್ಲಿ ಬರೆಯುವ ಪದ್ಧತಿಯಲ್ಲಿ. ನಿಮ್ಮ ಎಲೆಕ್ಟ್ರಾನಿಕ್ಸ್ ಮೇಜು ನೋಡಿಕೊಳ್ಳುವವರು ಎಷ್ಟು ಚೆನ್ನಾಗಿ ಕಲಿಸುತ್ತಾರೆ ಗೊತ್ತೇ? ಬೆಸುಗೆ ಹಾಕುವುದನ್ನು ನನ್ನ ಮಗಳು ಅವರಿಂದಲೇ ಕಲಿತಳು, ಈಗ ಮನೆಯ ಹಳೇ ರೇಡಿಯೊ ಬಿಚ್ಚಿಟ್ಟಿದ್ದಾಳೆ. ಅಂಥವರು ಇಲ್ಲೇ ಇರುವಾಗ ದಿನಾಂಕ ಹಾಕುವ ಅಧಿಕಾರ ಮಾತ್ರ ಯಾಕೆ ಅಲ್ಲಿ? ಊರಿನ ಅಕ್ಷಾಂಶ ಹಾಕಿದರೆ ಶೂನ್ಯ ನೆರಳಿನ ದಿನ ಹೇಳುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಪಂಚಮಿ ಯಾವತ್ತು ಅಂತ ನೋಡಲು ಗೋಡೆಯ ಕ್ಯಾಲೆಂಡರ್ ಸಾಕು.

ನನ್ನ ಬೇಡಿಕೆ ಇಷ್ಟು. ಏಪ್ರಿಲ್ 24ಕ್ಕೆ ಬಂದಿದ್ದ ಎಲ್ಲ ಮಕ್ಕಳಿಗೂ, ನನ್ನ ಮಗಳೊಬ್ಬಳಿಗೇ ಅಲ್ಲ, 150 ರೂಪಾಯಿ ವಾಪಸ್ ಕೊಡಿ. ಅದು ಆಗದಿದ್ದರೆ ಆಗಸ್ಟ್ 8ಕ್ಕೆ ಅವರನ್ನು ಶುಲ್ಕವಿಲ್ಲದೆ ಕರೆಯಿರಿ. ಪ್ರಮಾಣಪತ್ರ ನಾನು ಈ ಪತ್ರದ ಜೊತೆಗೇ ಹಿಂದಿರುಗಿಸುತ್ತಿದ್ದೇನೆ, ಮಗಳೇ ಒಪ್ಪಿ ಕೊಟ್ಟಿದ್ದಾಳೆ. ಪಟ್ಟಿ ತಿದ್ದಿ ಅದೇ ವಾಟ್ಸಾಪ್ ಗುಂಪಿಗೆ ಮತ್ತೆ ಹಾಕಿ. ಯಾಕೆ ತಿದ್ದಿದಿರಿ ಅಂತಲೂ ಎರಡು ಸಾಲು ಬರೆಯಿರಿ, ಇಲ್ಲದಿದ್ದರೆ ಜನ ಹಳೇ ಪಟ್ಟಿ ಹಿಡಿದುಕೊಂಡೇ 18ಕ್ಕೆ ಬಾಗಿಲಿಗೆ ಬರುತ್ತಾರೆ. ಕೋಡಿಂಗ್ ತರಗತಿಯನ್ನು ಪಂಚಮಿ ಮುಗಿದ ಮೇಲಿನ ಯಾವುದಾದರೂ ಭಾನುವಾರಕ್ಕೆ ಹಾಕಿ.

ಜುಲೈ 31ರೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಆಗಸ್ಟ್ 8ರ ತಯಾರಿಗೆ ಒಂದು ವಾರವಾದರೂ ಬೇಕು. ಉತ್ತರ ಬಾರದಿದ್ದರೆ ಈ ಪತ್ರದ ಪ್ರತಿಯನ್ನು ನಿಮ್ಮ ಹೆಡ್ ಆಫೀಸಿಗೆ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಕೇಂದ್ರದ ಸದಸ್ಯೆ ಮತ್ತು ಒಬ್ಬ ತಾಯಿ,
ನವನಗರ, ಬಾಗಲಕೋಟೆ

ಲಗತ್ತು: ಏಪ್ರಿಲ್ 24ರ ರಸೀದಿಯ ನಕಲು, ಮೂಲ ಪ್ರಮಾಣಪತ್ರ, ಸ್ಕೇಲ್ ಇಟ್ಟು ತೆಗೆದ ನೆರಳಿನ ಫೋಟೊ.