ಸರ್ಪಸುತ್ತು ಹೋದರೂ ಉರಿ ಹೋಗಿಲ್ಲ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಹೊಟ್ಟೆ ಚುರುಕ್ ಎಂದಿತು. ಗುಳ್ಳೆ ಒಣಗಿ ತಿಂಗಳಾದರೂ ಅಂಗಿ ತಾಗಿದರೆ ಬೆಂಕಿ ಇಟ್ಟ ಹಾಗಾಗುತ್ತದೆ ಅಂದೆ. ‘ಬಿ ವಿಟಮಿನ್ ನುಂಗಿದರೆ ನರ ಸರಿಹೋಗುತ್ತಂತೆ, ನೀನೂ ತಗೊಂಡಿದ್ದೆ ಅಲ್ವಾ?’ ಅಂತ ಕೇಳಿದೆ. ತಗೊಂಡಿದ್ದೆ. ಆದರೆ ಅದು ಹೂಂ, ಉಹೂಂ ಅಂತ ಹೇಳಿ ಮುಗಿಸುವ ಕತೆಯಲ್ಲ.

ನನಗೆ ಎದ್ದದ್ದು ಬಲಗಡೆ, ಬೆನ್ನಿನಿಂದ ಎದೆಯವರೆಗೆ ಪಟ್ಟಿ ಬಿಗಿದ ಹಾಗೆ. ಹಾವಿನ ತಲೆ ಬಾಲ ಕೂಡಿದರೆ ಆಸೆ ಬಿಡಬೇಕು ಅಂತ ನಮ್ಮತ್ತೆ ಹೆದರಿಸಿದ್ದರು. ಅದು ಹಾಗೆ ಕೂಡುವುದಿಲ್ಲ ಮಾರಾಯ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತಲ್ಲ, ಆ ವೈರಸ್ಸೇ ಬೆನ್ನುಮೂಳೆ ಪಕ್ಕದ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ಎದ್ದಾಗ ಒಂದು ನರದ ದಾರಿ ಹಿಡಿದು ಬರುತ್ತದೆ. ಆ ನರ ಮೈಯ ಒಂದು ಪಕ್ಕಕ್ಕಷ್ಟೇ ಸೇರಿದ್ದು. ನಾನು ಕೆಮ್ಮಣ್ಣು ಹಚ್ಚಿಕೊಂಡು ನಾಲ್ಕು ದಿನ ಕಳೆದೆ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾಗಬೇಕಿತ್ತು ಅಂತ ಡಾಕ್ಟರು ಬೈದರು.

ಉರಿಗೆ ಅವರು ಕೊಟ್ಟ ಮಾತ್ರೆಯಲ್ಲಿ ನರದ ನೋವು ತಗ್ಗಿಸುವ ಗ್ಯಾಬಾಪೆಂಟಿನ್ ಜೊತೆ ಮೀಥೈಲ್‌ಕೋಬಾಲಮಿನ್ ಸೇರಿತ್ತು. ಎರಡನೆಯದು ಬಿ12. ನೋವು ಸ್ವಲ್ಪ ತಗ್ಗಿತು ನೋಡು, ‘ಬಿ12 ಅಂದರೆ ಬಿ12’ ಅಂತ ಕಂಡವರಿಗೆಲ್ಲ ಹೇಳಿದೆ. ಒಂದೇ ಮಾತ್ರೆಯಲ್ಲಿ ಎರಡಿದ್ದಾಗ ಯಾವುದು ಕೆಲಸ ಮಾಡಿತು ಅಂತ ನನಗೇನು ಗೊತ್ತು? ಸುಮ್ನೆ ಹೇಳಿದ್ದು.

ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಬಿ12 ನಿಜವಾಗಿಯೂ ಕಡಿಮೆ ಇತ್ತು. ಮಾಂಸ, ಮೊಟ್ಟೆ ಮುಟ್ಟದವನು. ಸಾಲದ್ದಕ್ಕೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಅದೂ ಬಿ12 ಇಳಿಸುತ್ತದೆ. ಕೆಂಪು ಬಣ್ಣದ ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳಲ್ಲಿ ಅಂಗಾಲಿನ ಜೋಮು ಇಳಿಯಿತು. ಎದೆಯ ಉರಿ ಮಾತ್ರ ಗ್ಯಾಬಾಪೆಂಟಿನ್ ಏರಿಸಿದ ಮೇಲೇ ಇಳಿದದ್ದು. ಚೀನಾದಲ್ಲಿ ಸರ್ಪಸುತ್ತಿನ ಜಾಗದಲ್ಲೇ ಚರ್ಮದಡಿಗೆ ಬಿ12 ಚುಚ್ಚಿದ ಸಣ್ಣ ಪ್ರಯೋಗಗಳಲ್ಲಿ ನೋವು ತಗ್ಗಿದ್ದುಂಟು. ಹಾಗಂತ ಅಂಗಡಿಯ ಸ್ಟ್ರಿಪ್ ನುಂಗಿದರೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡ.

ಮಧ್ಯೆ ಒಂದು ಪೆದ್ದು ಕೆಲಸ ಮಾಡಿದೆ. ಔಷಧಿ ಅಂಗಡಿಯವನೊಬ್ಬ ‘ನರಕ್ಕೆ ಒಳ್ಳೇದು ಸಾರ್’ ಅಂತ ಇನ್ನೊಂದು ಸ್ಟ್ರಿಪ್ ಕೊಟ್ಟ. ಮನೆಯಲ್ಲಿ ಬಿ ಕಾಂಪ್ಲೆಕ್ಸ್ ಬೇರೆ ಇತ್ತು. ಮೂತ್ರ ಹಳದಿಯಾದದ್ದಕ್ಕೆ ಹೆದರಿದೆ, ಅದು ಬಿ2 ಬಣ್ಣ ಅಷ್ಟೆ. ಹೆದರಬೇಕಾದದ್ದು ಬಿ6ಗೆ. ಎರಡು ಸ್ಟ್ರಿಪ್ಪಿನಲ್ಲೂ ಇತ್ತು. ಬಿ6 ಜಾಸ್ತಿ ಪ್ರಮಾಣದಲ್ಲಿ ಬಹಳ ದಿನ ಹೋದರೆ ಅದೇ ನರ ಕೆಡಿಸುತ್ತದೆ, ಕೈಕಾಲು ಜೋಮು ಹಿಡಿಸುತ್ತದೆ. ನಿನ್ನ ಸ್ಟ್ರಿಪ್ಪುಗಳನ್ನೆಲ್ಲ ಡಾಕ್ಟರ ಮೇಜಿನ ಮೇಲೆ ಸುರಿ, ನಾಚಿಕೊಳ್ಳಬೇಡ.

ಇನ್ನು ತುರಿಕೆ. ಅಲರ್ಜಿ ಮಾತ್ರೆ ತಗೊಂಡರೆ ನಿದ್ದೆ ಬಂತು, ತುರಿಕೆ ಅಲ್ಲೇ ಇತ್ತು. ಅದು ಚರ್ಮದ ತುರಿಕೆಯಲ್ಲ, ಪೆಟ್ಟು ತಿಂದ ನರದ್ದು. ಪರಚಿದರೆ ಹುಣ್ಣಾಗುತ್ತದೆ, ಉಗುರು ಕತ್ತರಿಸಿಕೋ. ನನಗೆ ಆರಾಮ ಕೊಟ್ಟದ್ದು ತಣ್ಣೀರ ಬಟ್ಟೆ, ಆಮೇಲೆ ಹಳೇ ಪಂಚೆ. ಫ್ಯಾನಿನ ಗಾಳಿ ತಾಗಿದರೂ ಉರಿಯುತ್ತಿತ್ತು, ಪಂಚೆ ಬಿಗಿಯಾಗಿ ಸುತ್ತಿಕೊಂಡರೆ ಕಡಿಮೆ. ಗಾಯ ಪೂರ್ತಿ ಮಾಗಿದ ಮೇಲೆ ಕ್ಯಾಪ್ಸೈಸಿನ್ ಮುಲಾಮು ಕೊಟ್ಟರು, ಮೆಣಸಿನಕಾಯಿಯ ಖಾರವೇ ಅದು. ಹಚ್ಚಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ. ನಿಮ್ಮತ್ತಿಗೆ ಇವತ್ತಿಗೂ ನಗುತ್ತಾಳೆ.

ಬಿ12 ಇಂಜೆಕ್ಷನ್ ಆಗಲಿ ಮಾತ್ರೆ ಆಗಲಿ ಶುರು ಮಾಡುವ ಮೊದಲೇ ರಕ್ತ ಕೊಡು. ಆಮೇಲೆ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಬುಧವಾರ ರಾತ್ರಿ ಫೋನ್ ಮಾಡುತ್ತೇನೆ, ರಿಪೋರ್ಟ್ ಕೈಯಲ್ಲಿಟ್ಟುಕೊಂಡಿರು.

ನಿನ್ನವನೇ