ನಮ್ಮ ಹಾಲ್ಟಿಂಗ್ ಬಸ್ ವಾಪಸ್ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಅರ್ಜಿ ಕೊಟ್ಟಾಯ್ತು, ಗ್ರಾಮಸಭೇಲಿ ಕೂಗಾಡಿದ್ದಾಯ್ತು, ನಿಮ್ಮ ಪಿಎ ಹತ್ರ ಹೇಳಿ ಹೇಳಿ ಸಾಕಾಗಿ ಈಗ ಎಲ್ರಿಗೂ ಕಾಣೋ ಹಂಗೆ ಬರೀತಿದೀನಿ. ವಿಷಯ ಒಂದೇ. ನಮ್ಮೂರಿಗೆ ಸಂಜೆ ಬಂದು ರಾತ್ರಿ ಇಲ್ಲೇ ನಿಂತು ಬೆಳಿಗ್ಗೆ ಹೊರಡ್ತಿದ್ದ ಹಾಲ್ಟಿಂಗ್ ಬಸ್ಸು ನಿಲ್ಸಿಬಿಟ್ಟಿದಾರೆ, ಅದನ್ನ ವಾಪಸ್ ಹಾಕ್ಸಿಕೊಡಿ.

ಕೇಳಿದ್ರೆ ಕಲೆಕ್ಷನ್ ಇಲ್ಲ ಅಂತಾರೆ. ಹೈಸ್ಕೂಲ್ ಮಕ್ಕಳು, ತೋಟದ ಲೈನ್ ಮನೆಗಳಲ್ಲಿರೋ ಕೂಲಿ ಹೆಂಗಸರು, ಆಸ್ಪತ್ರೆಗೆ ಹೋಗೋ ಮುದುಕರು ಓಡಾಡ್ತಿದ್ದ ಬಸ್ಸದು. ಶಕ್ತಿ ಯೋಜನೆ 2023ರಲ್ಲಿ ಬಂತು, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಬಹಳ ಒಳ್ಳೇದಾಯ್ತು, ಆದ್ರೆ ನಮ್ಮೂರ ಹೆಂಗಸರು ಹತ್ತೋದು ಯಾವ ಬಸ್ಸು ಸಾರ್?

ಇನ್ನು ಪ್ರವಾಸೋದ್ಯಮದ ಮಾತು. ಅದೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ್ವು. ನಮಗೂ ಹೆಮ್ಮೆ. ಆದ್ರೆ ಬೇಲೂರಲ್ಲಿ 1117ರಲ್ಲಿ ಚೆನ್ನಕೇಶವನ ಗುಡಿ ಕಟ್ಸಿದ ಹೊಯ್ಸಳರ ರಾಜ ವಿಷ್ಣುವರ್ಧನನ ವಂಶದವರು ಮೊದಲಿದ್ದಿದ್ದು ನಮ್ಮ ಮೂಡಿಗೆರೆ ಕಡೆ ಅಂಗಡಿ ಅನ್ನೋ ಊರಲ್ಲಿ, ಹಳೇ ಹೆಸರು ಸೊಸೆವೂರು. ಸಳ ಹುಲಿ ಹೊಡೆದ ಅನ್ನೋ ಕಥೆಯ ಜಾಗ ಅದೇ. ವಾಸಂತಿಕೆ ಗುಡಿ ಇದೆ, ಹಳೇ ಬಸದಿಗಳಿವೆ. ಬೆಟ್ಟದವರು ಬಯಲಿಗೆ ಇಳಿದು ರಾಜರಾದ್ರಲ್ಲ, ಆ ದಾರಿ ಅರ್ಥ ಆಗ್ಬೇಕಾದ್ರೆ ಕಾರಲ್ಲಿ ಬಂದು ಫೋಟೋ ಹೊಡ್ಕೊಂಡು ಹೋದ್ರೆ ಆಗಲ್ಲ, ತೋಟದ ಮಧ್ಯೆ ಬಸ್ಸಲ್ಲಿ ಬಂದು, ಇಳಿದು ನಡೆದು, ಇಲ್ಲೇ ಯಾರದೋ ಮನೇಲಿ ಅಕ್ಕಿರೊಟ್ಟಿ ತಿಂದು ಮಲಗಿ ಎದ್ದು ಹೋಗ್ಬೇಕು. ಹಂಗೆ ಬರೋರು ಇದಾರೆ ಸಾರ್. ಸಕಲೇಶಪುರದಲ್ಲಿ ರೈಲಿಳಿದು ಮಂಜರಾಬಾದ್ ಕೋಟೆ ನೋಡ್ಕೊಂಡು, ಬಿಸಿಲೆ ಘಾಟಿ ಕಡೆ ಹೋಗಿ, ಆಮೇಲೆ ನಮ್ಮ ಕಡೆ ಬರೋರು. ಅವರು ಜಾಸ್ತಿ ಜನ ಅಲ್ಲ, ಗಲಾಟೆ ಮಾಡಲ್ಲ, ಬಾಟ್ಲಿ ಎಸೆಯಲ್ಲ. ಮುಳ್ಳಯ್ಯನಗಿರಿ ರಸ್ತೆ ವೀಕೆಂಡಲ್ಲಿ ಕಾರಿಂದ ಕಟ್ಕೊಂಡು ನಿಂತಿರುತ್ತೆ, ಅದನ್ನ ನೋಡ್ತಾ ಇದ್ರೂ ಬಸ್ಸಲ್ಲಿ ಬರೋರನ್ನ ಯಾಕೆ ಓಡಿಸ್ತಿದೀರಿ?

ಕಳೆದ ಮಳೆಗಾಲದಲ್ಲಿ ಆಗಿದ್ದು ಕೇಳಿ. ಧಾರವಾಡ ಕಡೆಯ ರಿಟೈರ್ಡ್ ಮೇಷ್ಟ್ರು, ಜೊತೆಗೆ ಅವರ ಹೆಂಡತಿ, ಹಳೇ ಶಾಸನ ಗುಡಿ ಅಂದ್ರೆ ಪ್ರಾಣ ಬಿಡೋ ಜನ, ಸ್ಟ್ಯಾಂಡಿನ ಬೋರ್ಡಲ್ಲಿ ನಮ್ಮ ಬಸ್ಸಿನ ಟೈಮ್ ಹಂಗೇ ಬರೆದಿದ್ದನ್ನ ನಂಬ್ಕೊಂಡು ಕ್ರಾಸ್‌ನಲ್ಲಿ ಇಳಿದು ಕಾದು ಕೂತಿದಾರೆ. ಕತ್ತಲಾಯ್ತು, ಮಳೆ ಬೇರೆ, ಫೋನಿಗೆ ಸಿಗ್ನಲ್ ಇಲ್ಲ. ಕಾಲ್ನಡಿಗೇಲಿ ಹೊರಟಿದಾರೆ. ಅವತ್ತು ಅದೇ ರಸ್ತೇಲಿ ಆನೆ ಇದೆ, ಯಾರೂ ಓಡಾಡ್ಬೇಡಿ ಅಂತ ನಮ್ಮ ಮೊಬೈಲಿಗೆಲ್ಲ ಮೆಸೇಜ್ ಬಂದಿತ್ತು, ಅವರಿಗೆ ಹೇಗೆ ಗೊತ್ತಾಗ್ಬೇಕು? ಹಾಲಿನ ಗಾಡಿಯವನು ನೋಡಿ ಹತ್ತಿಸ್ಕೊಂಡು ನಮ್ಮನೆಗೆ ತಂದು ಬಿಟ್ಟ. ಆಯಮ್ಮ ಚಳಿಗೆ ನಡುಗ್ತಾ ಮಾತೇ ಆಡ್ಲಿಲ್ಲ. ಬೆಳಿಗ್ಗೆ ಡಿಪೋಗೆ ಫೋನ್ ಮಾಡಿದ್ರೆ "ಆ ರೂಟ್ ಕ್ಯಾನ್ಸಲ್ ಆಗಿ ಬಹಳ ದಿನ ಆಯ್ತಲ್ಲ, ನಿಮಗೆ ಗೊತ್ತಿಲ್ವಾ" ಅಂದು ಇಟ್ಬಿಟ್ರು. ಬೋರ್ಡ್ ಅಳಿಸೋಕೂ ಒಬ್ಬರಿಗೆ ಪುರುಸೊತ್ತಿಲ್ಲ. ಆನೆ ಎದುರಾಗಿದ್ರೆ ಯಾರು ಜವಾಬ್ದಾರಿ? ನೀವು ಹೇಳಿ. ಆಮೇಲೆ ಪರಿಹಾರದ ಚೆಕ್ ಹಿಡ್ಕೊಂಡು ಬರೋದು ಬೇಡ, ಈಗ ಬಸ್ ಕಳಿಸಿ.

ನಮ್ಮ ಮಕ್ಕಳು ಸಂಜೆ ಅದೇ ರಸ್ತೇಲಿ ನಡ್ಕೊಂಡು ಬರ್ತಾರೆ. ದಿನಾ. ಅವರು ಮನೆ ಮುಟ್ಟೋವರೆಗೂ ನಮ್ಮ ಹೆಂಗಸರು ಗೇಟ್ ಬಿಟ್ಟು ಒಳಗೆ ಬರಲ್ಲ.

ವ್ಯೂ ಪಾಯಿಂಟ್ ಬೇಡ, ಗಾಜಿನ ಸೇತುವೆ ಬೇಡ, ಸೆಲ್ಫಿ ಬೋರ್ಡ್ ಬೇಡ. ಸಂಜೆ ಒಂದು ಬಸ್ಸು ಬರ್ಲಿ, ರಾತ್ರಿ ನಿಲ್ಲಲಿ, ಬೆಳಿಗ್ಗೆ ಹೋಗ್ಲಿ. ಡ್ರೈವರ್ ಕಂಡಕ್ಟರ್‌ಗೆ ಮಲಗೋಕೆ ಜಾಗ, ಊಟ ನಾವೇ ಕೊಡ್ತೀವಿ, ಮುಂಚೆನೂ ಕೊಡ್ತಿದ್ವಿ. "ನೋಡೋಣ, ಹೇಳ್ತೀನಿ" ಅನ್ನೋ ಉತ್ತರ ಮತ್ತೆ ಬೇಡ ಸಾರ್. ಹಾಲ್ಟಿಂಗ್ ಬಸ್ ಯಾವತ್ತಿಂದ ಬರುತ್ತೆ, ತಾರೀಕು ಹೇಳಿ.

ಇಂತಿ,
ಘಟ್ಟದಂಚಿನ ಒಬ್ಬ ಸಣ್ಣ ಕಾಫಿ ಬೆಳೆಗಾರ