ಸದ್ದಿಲ್ಲದೆ ಆಗುವ ಮಿದುಳಿನ ಗಾಯ

ಮಾನ್ಯ ಸಂಪಾದಕರೇ,

ಆನುವಂಶಿಕವಾದ ಸಿಕಲ್ ಸೆಲ್ ಕಾಯಿಲೆಯ ಮಾತು ಬಂದಾಗಲೆಲ್ಲ ರಕ್ತಹೀನತೆ ಮತ್ತು ಮೂಳೆಗಳ ವಿಪರೀತ ನೋವಿನ ಪ್ರಸ್ತಾಪವಾಗುತ್ತದೆಯೇ ಹೊರತು, ಅದು ಮಿದುಳಿಗೆ ಮಾಡುವ ಹಾನಿಯ ಕಡೆಗೆ ಗಮನ ಹೋಗುವುದು ಅಪರೂಪ. ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬೀಟಾ ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದರಿಂದ ಕೆಂಪು ರಕ್ತಕಣಗಳು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಕುಡಗೋಲಿನಂತೆ ಬಾಗಿ ಗಡುಸಾಗುತ್ತವೆ. ಅವು ರಕ್ತನಾಳದ ಒಳಗೋಡೆಯನ್ನು ಘಾಸಿಗೊಳಿಸುತ್ತ ಹೋದಂತೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳೂ ಕಿರಿದಾಗುತ್ತವೆ. ಮುಂಚಿತವಾಗಿ ತಪಾಸಣೆ, ಚಿಕಿತ್ಸೆ ಸಿಗದಿದ್ದರೆ, ಈ ಕಾಯಿಲೆಯ ತೀವ್ರ ರೂಪವಿರುವ ನೂರರಲ್ಲಿ ಸುಮಾರು 11 ಮಂದಿ 20 ವರ್ಷ ತುಂಬುವುದರೊಳಗೆ ಪಾರ್ಶ್ವವಾಯುವಿಗೆ ತುತ್ತಾಗುತ್ತಾರೆ.

ಇದಕ್ಕಿಂತಲೂ ಹೆಚ್ಚು ಮಕ್ಕಳಲ್ಲಿ ಆಗುವುದು ಕಣ್ಣಿಗೆ ಕಾಣದ ಗಾಯ. ಕೈ ಸೋಲುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಆದರೆ ಎಂಆರ್‌ಐ ಮಾಡಿಸಿದರೆ ರಕ್ತ ಸಿಗದೆ ಸತ್ತ ಮಿದುಳಿನ ಪುಟ್ಟ ಪುಟ್ಟ ಭಾಗಗಳು ಕಾಣುತ್ತವೆ. ವೈದ್ಯರು ಇದನ್ನು ಮೌನ ಪಾರ್ಶ್ವವಾಯು ಎನ್ನುತ್ತಾರೆ. ಹೆಸರು ಮೌನವೆಂದಿದ್ದರೂ ಅದರ ಪರಿಣಾಮ ತರಗತಿಯಲ್ಲಿ ದಿನವೂ ಎದ್ದು ಕಾಣುತ್ತದೆ: ಗಮನ ನಿಲ್ಲುವುದಿಲ್ಲ, ಲೆಕ್ಕದ ಎರಡನೆಯ ಹಂತಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ನಾನು ಶಿಕ್ಷಕನಾಗಿದ್ದಾಗ ಇಂಥ ಒಬ್ಬ ಹುಡುಗನನ್ನು ಸೋಮಾರಿಯೆಂದು ಎಷ್ಟೋ ಸಲ ಗದರಿದ್ದೇನೆ. ಅವನ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು, ಅದಕ್ಕೂ ಮಿದುಳಿಗೂ ಸಂಬಂಧವಿದೆಯೆಂಬುದು ಗೊತ್ತಿರಲಿಲ್ಲ.

ಪಾರ್ಶ್ವವಾಯುವಿನ ಅಪಾಯವನ್ನು ಮೊದಲೇ ಗುರುತಿಸುವ ದಾರಿಯೊಂದಿದೆ ಎಂಬುದರಿಂದಲೇ ಈ ಪತ್ರ. ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಎಂಬ ಪರೀಕ್ಷೆಯಲ್ಲಿ ಕಣತಲೆಯ ಮೇಲೆ ಶ್ರವಣಾತೀತ ತರಂಗದ (ಅಲ್ಟ್ರಾಸೌಂಡ್) ಉಪಕರಣವಿಟ್ಟು ಮಿದುಳಿನ ಅಪಧಮನಿಗಳಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುತ್ತಾರೆ, ಸೂಜಿಯಿಲ್ಲ, ನೋವಿಲ್ಲ. ಕಿರಿದಾದ ನಾಳದಲ್ಲಿ ರಕ್ತ ಹೆಚ್ಚು ವೇಗವಾಗಿ ಹರಿಯುವುದರಿಂದ, ಸರಾಸರಿ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ ದೊಡ್ಡದು. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಮೊದಲ ಪಾರ್ಶ್ವವಾಯು ಶೇ 90ಕ್ಕಿಂತ ಹೆಚ್ಚು ತಗ್ಗುತ್ತದೆಯೆಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಪದೇ ಪದೇ ರಕ್ತ ಪಡೆದರೆ ದೇಹದಲ್ಲಿ ಕಬ್ಬಿಣಾಂಶ ಶೇಖರವಾಗುವ ತೊಂದರೆ ಇದ್ದೇ ಇದೆ. ಆದರೂ ಕೆಲಕಾಲದ ನಂತರ ಹೈಡ್ರಾಕ್ಸಿಯೂರಿಯಾ ಮಾತ್ರೆಗೆ ಬದಲಾಯಿಸಲು ಹಲವರಿಗೆ ಸಾಧ್ಯವಾಗುತ್ತದೆ.

ಆದ್ದರಿಂದ ಈ ರೋಗ ಪತ್ತೆಯಾದ ಪ್ರತಿ ಮಗುವಿಗೂ 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆಯಬೇಕು, ಮತ್ತು ಓದಿನಲ್ಲಿ ಹಿಂದೆ ಬೀಳುತ್ತಿರುವ ಮಗುವನ್ನು ಬೈಯುವ ಮುನ್ನ ಶಾಲೆಯವರು ಪೋಷಕರ ಮೂಲಕ ವೈದ್ಯರಿಗೆ ಆ ವಿಷಯ ತಿಳಿಸಬೇಕು.

ಇತಿ,
ಒಬ್ಬ ನಿವೃತ್ತ ಶಿಕ್ಷಕ